ಕೆನಡಾದ ಮೂಲನಿವಾಸಿಗಳು ಮತ್ತು ಕ್ಯಾನ್ಸರ್: ಆರೈಕೆಯಲ್ಲಿ ಕೇಳಿದ ಪಾಲು

ಕೆನಡಾದಲ್ಲಿ ಕ್ಯಾನ್ಸರ್ ರೋಗಿ ಆಸ್ಪತ್ರೆ ಬಿಲ್ಲಿಗೆ ಹೆದರಬೇಕಿಲ್ಲ. ವೈದ್ಯರು, ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಆಸ್ಪತ್ರೆಯಲ್ಲೇ ಕೊಡುವ ಕೀಮೋಥೆರಪಿ ಎಲ್ಲದರ ಖರ್ಚೂ ಸರ್ಕಾರದ್ದು. ಅಲ್ಲಿನ ಆಸ್ಪತ್ರೆಗಳಿಗೂ ಒಳ್ಳೆಯ ಹೆಸರಿದೆ. ಹಾಗಿದ್ದೂ ಒಂದೇ ಬಗೆಯ ಕ್ಯಾನ್ಸರ್ ತಗುಲಿದ ಇಬ್ಬರಲ್ಲಿ ಒಬ್ಬರು ಮೂಲನಿವಾಸಿಯಾಗಿದ್ದರೆ ಬದುಕಿ ಉಳಿಯುವ ಸಾಧ್ಯತೆ ಅವರಿಗೇ ಕಡಿಮೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1993ರಿಂದ 2010ರವರೆಗಿನ ದಾಖಲೆಗಳನ್ನು ಜೋಡಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮಹಿಳೆಯರಲ್ಲಿ ಪರಿಶೀಲಿಸಿದ 15 ಬಗೆಯ ಕ್ಯಾನ್ಸರ್‌ಗಳ ಪೈಕಿ 10ರಲ್ಲಿ, ಪುರುಷರಲ್ಲಿ ಪರಿಶೀಲಿಸಿದ 12ರ ಪೈಕಿ 10ರಲ್ಲಿ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮೂಹದವರು ಬದುಕುಳಿಯುವ ಪ್ರಮಾಣ ಇತರರಿಗಿಂತ ಕೆಳಗಿತ್ತು. ಔಷಧ ಬೇರೆಯಲ್ಲ, ಯಂತ್ರ ಬೇರೆಯಲ್ಲ, ಪ್ರಾಂತ್ಯವೂ ಒಂದೇ. ವ್ಯತ್ಯಾಸವೆಲ್ಲ ಆಸ್ಪತ್ರೆಯ ಬಾಗಿಲು ತಲುಪುವ ಮುನ್ನ ಮತ್ತು ಬಾಗಿಲು ದಾಟಿದ ಕೂಡಲೇ ನಡೆಯುವ ಸಂಗತಿಗಳಲ್ಲಿದೆ. ಅದನ್ನು ಸರಿಪಡಿಸಲು ಕಳೆದ ಎರಡು ದಶಕಗಳಲ್ಲಿ ಮೂಲನಿವಾಸಿಗಳೂ ಆರೋಗ್ಯ ಸಂಸ್ಥೆಗಳೂ ಒಟ್ಟಿಗೆ ಕೂತು ಮಾಡುತ್ತಿರುವ ಕೆಲಸ ಕ್ಯಾನ್ಸರ್ ಆರೈಕೆಯ ಚರಿತ್ರೆಯಲ್ಲಿ ಗಮನಿಸಬೇಕಾದ ಅಧ್ಯಾಯ.

ಕೆನಡಾದ 1982ರ ಸಂವಿಧಾನ ಮೂರು ಮೂಲನಿವಾಸಿ ಸಮೂಹಗಳನ್ನು ಗುರುತಿಸುತ್ತದೆ. ಕಾಡು, ಬಯಲು, ಕರಾವಳಿಗಳಲ್ಲಿ ಹರಡಿರುವ ಆರು ನೂರಕ್ಕೂ ಹೆಚ್ಚು ಸಮುದಾಯಗಳ ಫಸ್ಟ್ ನೇಷನ್ಸ್ ಜನ; ಆರ್ಕ್ಟಿಕ್‌ನ ಹಿಮಪ್ರದೇಶದ ಇನ್ಯೂಟ್ ಜನ; ಫಸ್ಟ್ ನೇಷನ್ಸ್ ಹೆಂಗಸರು ಮತ್ತು ಯುರೋಪಿನಿಂದ ಬಂದ ತುಪ್ಪಳ ವ್ಯಾಪಾರಿಗಳ ಸಂತತಿಯಾಗಿ ಪಶ್ಚಿಮದ ಬಯಲಿನಲ್ಲಿ ಪ್ರತ್ಯೇಕ ಜನಾಂಗವಾಗಿ ಬೆಳೆದ ಮೇಟಿ ಜನ. 2021ರ ಜನಗಣತಿಯ ಪ್ರಕಾರ ಮೂರೂ ಸೇರಿ ಸುಮಾರು 18 ಲಕ್ಷ. ದೇಶದ ಜನಸಂಖ್ಯೆಯಲ್ಲಿ ಶೇ 5. ಇವರಲ್ಲಿ ಇನ್ಯೂಟರ ಸಂಖ್ಯೆ 70 ಸಾವಿರದ ಆಸುಪಾಸು. ಮೂವರ ಭಾಷೆ, ಬದುಕು, ಸರ್ಕಾರದೊಂದಿಗಿನ ಕಾನೂನು ಸಂಬಂಧ ಎಲ್ಲವೂ ಬೇರೆ ಬೇರೆ. ಆದ್ದರಿಂದ 'ಮೂಲನಿವಾಸಿಗಳಿಗೆ ಒಂದು ಯೋಜನೆ' ಎಂದು ಹೊರಟವರೆಲ್ಲ ಮೊದಲ ಹೆಜ್ಜೆಯಲ್ಲೇ ಎಡವಿದ್ದಾರೆ.

ತಡವಾಗಿ ಬಂದ ರೋಗ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಜನರನ್ನು ಕೊಲ್ಲುತ್ತಿದ್ದುದು ಕ್ಯಾನ್ಸರ್ ಅಲ್ಲ, ಕ್ಷಯ ಮತ್ತಿತರ ಸೋಂಕುಗಳು. ಒಂಟಾರಿಯೊ ಪ್ರಾಂತ್ಯದ ಹಳೆಯ ದಾಖಲೆಗಳಲ್ಲಿ ಫಸ್ಟ್ ನೇಷನ್ಸ್ ಜನರ ಕ್ಯಾನ್ಸರ್ ಪ್ರಮಾಣ ಇತರರಿಗಿಂತ ಕಡಿಮೆಯೇ ಇತ್ತು. ಅಲ್ಲಿಂದ ಅದು ಏರುತ್ತ ಬಂತು. ಆ ಪ್ರಾಂತ್ಯದ ಕ್ಯಾನ್ಸರ್ ಸಂಸ್ಥೆ ಮತ್ತು ಫಸ್ಟ್ ನೇಷನ್ಸ್ ಮುಖ್ಯಸ್ಥರ ಒಕ್ಕೂಟ ಜೊತೆಯಾಗಿ 2017ರಲ್ಲಿ ಹೊರತಂದ ವರದಿಯಲ್ಲಿ ಶ್ವಾಸಕೋಶ, ದೊಡ್ಡ ಕರುಳು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗಳು ಫಸ್ಟ್ ನೇಷನ್ಸ್ ಜನರಲ್ಲಿ ಹೆಚ್ಚು ಎಂಬುದು ಕಂಡಿತು. ಇನ್ಯೂಟರ ಕತೆ ಇನ್ನೂ ವಿಚಿತ್ರ. ಮೂಗಿನ ಹಿಂಭಾಗದ ಗಂಟಲು ಮತ್ತು ಲಾಲಾರಸ ಗ್ರಂಥಿಗಳ ಕ್ಯಾನ್ಸರ್, ಅಂದರೆ ಬೇರೆಡೆ ಅಪರೂಪವಾಗಿರುವ ಮತ್ತು ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ನಂಟಿರುವ ಕಾಯಿಲೆಗಳು, ಅವರಲ್ಲಿ ಮೊದಲಿನಿಂದಲೂ ಇದ್ದವು. ಈಗ ಅವನ್ನು ಹಿಂದಿಕ್ಕಿ ಶ್ವಾಸಕೋಶದ ಕ್ಯಾನ್ಸರ್ ಮುಂದೆ ಬಂದಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಎನ್ನಬಹುದಾದ ಪ್ರಮಾಣ ಅವರದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇನ್ಯೂಟರ ನಾಡಿನಲ್ಲಿ ಹೊಗೆಸೊಪ್ಪು ಬೆಳೆಯುವುದೂ ಇಲ್ಲ, ಹಿಂದೆ ಸೇದುತ್ತಲೂ ಇರಲಿಲ್ಲ; ತಿಮಿಂಗಿಲ ಬೇಟೆಗಾರರೂ ವ್ಯಾಪಾರಿಗಳೂ ಹಡಗಿನಲ್ಲಿ ತಂದು ಕೊಟ್ಟ ಚಟ ಅದು. ಇಂದು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇದುತ್ತಾರೆ. ಇನ್ಯೂಟ್ ನಾಡಿನ ಅರ್ಧದಷ್ಟು ಜನ ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುತ್ತಾರೆ. ವರ್ಷದ ಬಹುಪಾಲು ಕಿಟಕಿ ತೆರೆಯಲಾಗದ ಚಳಿ. ಒಬ್ಬರ ಹೊಗೆ ಮನೆಯವರೆಲ್ಲರ ಹೊಗೆ. ಬೇಟೆ, ಮೀನುಗಾರಿಕೆಯ ಆಹಾರ ಕಡಿಮೆಯಾಗಿ, ವಿಮಾನದಲ್ಲಿ ಬರುವ ದುಬಾರಿ ಅಂಗಡಿ ತಿನಿಸು ಆ ಜಾಗ ಹಿಡಿದಿದೆ. ಫಸ್ಟ್ ನೇಷನ್ಸ್ ಜನರ ಪಾಲಿಗೂ ಬಡತನವಿದೆ; ಸರ್ಕಾರ ಅವರಿಗೆಂದು ಗೊತ್ತುಮಾಡಿದ ಮೀಸಲು ಹಳ್ಳಿಗಳಲ್ಲಿ ಕುಡಿಯುವ ನೀರಿಗೂ ತತ್ವಾರವಿದೆ. ಆದರೆ ರೋಗ ಬರುವುದಕ್ಕೆ ಕಾರಣವಾದದ್ದು ಒಂದು, ಬಂದ ರೋಗ ಕೊಲ್ಲುವುದಕ್ಕೆ ಕಾರಣವಾಗುವುದು ಇನ್ನೊಂದು. ಎರಡನೆಯದರಲ್ಲಿ ಮುಖ್ಯವಾದದ್ದು ತಡವಾದ ಪತ್ತೆ.

ಎರಡು ಸಾವಿರ ಕಿಲೋಮೀಟರ್ ಆಚೆಯ ಆಸ್ಪತ್ರೆ

ನುನಾವುಟ್ ಎಂಬ ಪ್ರದೇಶ ವಿಸ್ತಾರದಲ್ಲಿ ಕರ್ನಾಟಕದ ಹತ್ತುಪಟ್ಟು. ಜನಸಂಖ್ಯೆ 37 ಸಾವಿರದ ಹತ್ತಿರ. ಅವರಲ್ಲಿ ಹೆಚ್ಚಿನವರು ಇನ್ಯೂಟರು. ಅಲ್ಲಿರುವ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ದಕ್ಷಿಣ ಕೆನಡಾಕ್ಕೂ ಇಲ್ಲ. ರಾಜಧಾನಿ ಇಕಾಲುಯಿಟ್‌ನಲ್ಲಿ ಒಂದು ಆಸ್ಪತ್ರೆ; ಉಳಿದ ಊರುಗಳಲ್ಲಿ ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರ, ಆಗಾಗ ಬಂದುಹೋಗುವ ವೈದ್ಯರು. ನರ್ಸ್‌ಗಳೂ ದಕ್ಷಿಣದಿಂದ ಕೆಲವು ವಾರಗಳ ಮಟ್ಟಿಗೆ ಬರುವವರೇ ಹೆಚ್ಚು. ಆರು ತಿಂಗಳಿಂದ ಕೆಮ್ಮುತ್ತಿರುವ ಮುದುಕರನ್ನು ಪ್ರತಿಸಲವೂ ಹೊಸಬರೇ ನೋಡುತ್ತಾರೆ. ಕೆಮ್ಮು ಹಳೆಯದೆಂದು ಯಾರಿಗೂ ಹೊಳೆಯುವುದಿಲ್ಲ. ವಿಕಿರಣ ಚಿಕಿತ್ಸೆ ಆ ಪ್ರದೇಶದಲ್ಲಿ ಎಲ್ಲಿಯೂ ಇಲ್ಲ. ಪೂರ್ವದ ಊರುಗಳ ರೋಗಿಗಳು ಒಟ್ಟಾವಕ್ಕೆ, ನಡುವಿನವರು ವಿನಿಪೆಗ್‌ಗೆ, ಪಶ್ಚಿಮದವರು ಎಡ್ಮಂಟನ್‌ಗೆ ವಿಮಾನ ಹತ್ತಬೇಕು. ಇಕಾಲುಯಿಟ್‌ನಿಂದ ಒಟ್ಟಾವಕ್ಕೆ ಎರಡು ಸಾವಿರ ಕಿಲೋಮೀಟರ್ ಮೀರಿದ ದೂರ. ಸಣ್ಣ ಊರಿನಿಂದ ಹೊರಟವರಿಗೆ ಇಕಾಲುಯಿಟ್ ತಲುಪುವುದೇ ಮೊದಲ ಪ್ರಯಾಣ. ಹಿಮಗಾಳಿ ಬೀಸಿದರೆ ದಿನಗಟ್ಟಲೆ ಕಾಯುವ ಪಾಡು.

ಬೀದರ್‌ನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ರೋಗಿಗೂ ಊರುಬಿಟ್ಟು ವಾರಗಟ್ಟಲೆ ಇರುವ ಕಷ್ಟ ಗೊತ್ತು. ಆದರೆ ಅವರಿಗೆ ಬಸ್ಸಿದೆ, ರೈಲಿದೆ, ಆಸ್ಪತ್ರೆಯಲ್ಲಿ ಕನ್ನಡ ಕೇಳುತ್ತದೆ. ಇನ್ಯೂಟ್ ರೋಗಿಗೆ ವಿಮಾನ ಇಳಿದ ಮೇಲೆ ಕಾಣುವ ಮರಗಳೂ ಹೊಸವು. ಆರ್ಕ್ಟಿಕ್‌ನಲ್ಲಿ ಮರ ಬೆಳೆಯುವುದಿಲ್ಲ. ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ಕೊಡುತ್ತಾರೆ. ಅಷ್ಟು ಕಾಲವೂ ಮಕ್ಕಳು ಮೊಮ್ಮಕ್ಕಳಿಂದ ದೂರ, ಸೀಲ್ ಮತ್ತು ಕ್ಯಾರಿಬೂ ಮಾಂಸ ಉಣ್ಣುತ್ತಿದ್ದವರಿಗೆ ಬಾಯಿಗೆ ಹಿಡಿಸದ ಊಟ. ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೊರಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಒಟ್ಟಾವದಲ್ಲಿ ನುನಾವುಟ್ ರೋಗಿಗಳಿಗಾಗಿಯೇ ಇರುವ ಲಾರ್ಗಾ ಬಾಫಿನ್ ಎಂಬ ವಸತಿಗೃಹದಲ್ಲಿ ಸ್ವಂತ ಭಾಷೆಯ ಮಾತು, ಆಗಾಗ ಊರಿನ ಊಟ ಸಿಗುತ್ತದೆ. ಚಿಕಿತ್ಸೆ ಮುಗಿಸಿ ಬಂದವರಿಗೆ ಅದು ಆಸ್ಪತ್ರೆಯಷ್ಟೇ ಮುಖ್ಯ.

ಉತ್ತರ ಒಂಟಾರಿಯೊದ ಅನೇಕ ಫಸ್ಟ್ ನೇಷನ್ಸ್ ಹಳ್ಳಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಅಲ್ಲಿ ಚಳಿಗಾಲದಲ್ಲಿ ನದಿ, ಕೆರೆ, ಜೌಗು ಹೆಪ್ಪುಗಟ್ಟಿದಾಗ ಕೆಲವು ವಾರಗಳ ಕಾಲ ಐಸ್ ಮೇಲೆ ರಸ್ತೆ ತೆರೆಯುತ್ತದೆ. ಉಳಿದಂತೆ ವಿಮಾನವೇ ಗತಿ. ಹವಾಮಾನ ಬೆಚ್ಚಗಾಗುತ್ತಿರುವುದರಿಂದ ಆ ಕೆಲವು ವಾರಗಳೂ ಕಡಿಮೆಯಾಗುತ್ತಿವೆ.

ಆಸ್ಪತ್ರೆಯೆಂದರೆ ಏಕೆ ಭಯ

ದೂರವನ್ನು ವಿಮಾನ ದಾಟಿಸಬಹುದು. ಅಪನಂಬಿಕೆಯನ್ನು ದಾಟಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ಅದಕ್ಕೆ ಗಟ್ಟಿಯಾದ ಕಾರಣಗಳಿವೆ.

1950ರಿಂದ ಸಿ. ಡಿ. ಹೌ ಎಂಬ ಸರ್ಕಾರಿ ಹಡಗು ಬೇಸಿಗೆಯಲ್ಲಿ ಪೂರ್ವ ಆರ್ಕ್ಟಿಕ್‌ನ ಊರುಗಳಿಗೆ ಬರುತ್ತಿತ್ತು. ಊರಿನವರನ್ನೆಲ್ಲ ಹಡಗಿಗೆ ಹತ್ತಿಸಿ ಎದೆಯ ಎಕ್ಸ್-ರೇ ತೆಗೆಯುತ್ತಿದ್ದರು. ಕ್ಷಯ ಕಂಡವರನ್ನು ದಡಕ್ಕೆ ಇಳಿಯಲು ಬಿಡದೆ, ಮನೆಯವರಿಗೆ ಒಂದು ಮಾತು ಹೇಳಲೂ ಬಿಡದೆ, ದಕ್ಷಿಣದ ಸ್ಯಾನಿಟೋರಿಯಂಗಳಿಗೆ ಒಯ್ದ ಉದಾಹರಣೆಗಳು ನೂರಾರು. 1950ರ ದಶಕದ ನಡುವೆ ಪ್ರತಿ ಏಳು ಇನ್ಯೂಟರಲ್ಲಿ ಒಬ್ಬರು ಇಂಥ ಆಸ್ಪತ್ರೆಗಳಲ್ಲಿದ್ದರು. ವರ್ಷಗಳ ನಂತರ ಮರಳಿದ ಮಕ್ಕಳಿಗೆ ತಾಯಿಭಾಷೆ ಮರೆತಿತ್ತು. ಅಲ್ಲೇ ತೀರಿಕೊಂಡ ಅನೇಕರನ್ನು ದಕ್ಷಿಣದ ಸ್ಮಶಾನಗಳಲ್ಲಿ ಹೂಳಲಾಯಿತು, ಎಲ್ಲಿ ಎಂಬುದು ಮನೆಯವರಿಗೆ ತಿಳಿಯಲಿಲ್ಲ. 2019ರ ಮಾರ್ಚ್‌ನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಇಕಾಲುಯಿಟ್‌ಗೆ ಹೋಗಿ ಇದಕ್ಕೆ ಕ್ಷಮೆ ಕೇಳಿದರು. ಕಳೆದುಹೋದವರ ಸಮಾಧಿ ಹುಡುಕಲು ನೆರವಾಗುವ ನನಿಲಾವುಟ್ ಎಂಬ ಯೋಜನೆಯನ್ನೂ ಆರಂಭಿಸಿದರು. ಇಂದು ಕ್ಯಾನ್ಸರ್ ಬರುವ ವಯಸ್ಸಿನಲ್ಲಿರುವ ಇನ್ಯೂಟರು ಆ ಹಡಗನ್ನು ಕಣ್ಣಾರೆ ಕಂಡವರು, ಇಲ್ಲವೇ ಕಂಡವರ ಮಕ್ಕಳು. 'ಪರೀಕ್ಷೆಗೆ ದಕ್ಷಿಣಕ್ಕೆ ಹೋಗಬೇಕು' ಎಂಬ ನರ್ಸ್‌ನ ಮಾತು ಅವರ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಊಹಿಸಬಹುದು.

ಫಸ್ಟ್ ನೇಷನ್ಸ್ ಜನರ ನೆನಪುಗಳೂ ಕಹಿಯಾದವೇ. ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿಶಾಲೆಗಳಲ್ಲಿ ಇರಿಸಲಾಗಿತ್ತು. 1940ರ ದಶಕದ ಕೊನೆಯಲ್ಲಿ ಆರಂಭಿಸಿ ಅಂಥ ಆರು ಶಾಲೆಗಳಲ್ಲಿ ಅರೆಹೊಟ್ಟೆಯ ಮಕ್ಕಳ ಮೇಲೆ ಪೋಷಣೆಯ ಪ್ರಯೋಗಗಳನ್ನು ನಡೆಸಿದ್ದನ್ನು ಇತಿಹಾಸಕಾರ ಇಯಾನ್ ಮಾಸ್ಬಿ 2013ರಲ್ಲಿ ಬೆಳಕಿಗೆ ತಂದರು. ಮೂಲನಿವಾಸಿಗಳಿಗೆಂದೇ ಪ್ರತ್ಯೇಕವಾದ, ಅಗ್ಗದ ಆಸ್ಪತ್ರೆಗಳನ್ನು ಸರ್ಕಾರ ದಶಕಗಳ ಕಾಲ ನಡೆಸಿತು. ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹೆರಿಗೆಗೆ ಬಂದ ಮೂಲನಿವಾಸಿ ಹೆಂಗಸರನ್ನು ಒತ್ತಾಯಿಸಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ್ದನ್ನು 2017ರ ಪರಿಶೀಲನಾ ವರದಿಯೊಂದು ದೃಢಪಡಿಸಿತು. ಆ ಹೆಂಗಸರು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಅದೇ ಆಸ್ಪತ್ರೆಯ ಮೇಜಿನ ಮೇಲೆ ಮಲಗಲು ಹಿಂಜರಿದರೆ ಅದನ್ನು ತಿಳಿವಳಿಕೆಯ ಕೊರತೆ ಎನ್ನಲಾಗದು.

ಇದು ಮುಗಿದ ಚರಿತ್ರೆಯೂ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಅತಿಕಮೆಕ್ ಸಮುದಾಯದ ಜಾಯ್ಸ್ ಎಶಾಕ್ವಾನ್ ಎಂಬ ಏಳು ಮಕ್ಕಳ ತಾಯಿ ಸಾಯುವ ಮುನ್ನ, ಸಿಬ್ಬಂದಿ ತನ್ನನ್ನು ಹೀಯಾಳಿಸುವುದನ್ನು ಫೋನಿನಲ್ಲಿ ನೇರಪ್ರಸಾರ ಮಾಡಿದರು. ಸಾವಿನ ತನಿಖೆ ನಡೆಸಿದ ಅಧಿಕಾರಿ ಅದರಲ್ಲಿ ಜನಾಂಗೀಯ ತಾತ್ಸಾರದ ಪಾತ್ರವಿತ್ತೆಂದು ಸ್ಪಷ್ಟವಾಗಿ ಬರೆದರು. ಹೊಟ್ಟೆನೋವೆಂದು ಬಂದ ಮೂಲನಿವಾಸಿಯನ್ನು ಕುಡುಕರೆಂದೋ ನಶೆಗೆ ಮಾತ್ರೆ ಕೇಳಲು ಬಂದವರೆಂದೋ ಭಾವಿಸಿ ಕಳಿಸುವ ಚಾಳಿ ಕ್ಯಾನ್ಸರ್‌ನಂಥ ರೋಗದಲ್ಲಿ ನೇರವಾಗಿ ಜೀವ ತೆಗೆಯುತ್ತದೆ. ಬೆನ್ನುನೋವು, ತೂಕ ಇಳಿಕೆ, ಕೆಮ್ಮು ಇವನ್ನು ಮೊದಲ ಸಲವೇ ಗಂಭೀರವಾಗಿ ತೆಗೆದುಕೊಂಡರೆ ತಾನೇ ಬೇಗ ಪತ್ತೆಯಾಗುವುದು.

ಸಲಹೆ ಕೇಳುವುದರಿಂದ ಅಧಿಕಾರ ಕೊಡುವವರೆಗೆ

ಒಂಟಾರಿಯೊದ ಕ್ಯಾನ್ಸರ್ ಸಂಸ್ಥೆ ಮೂಲನಿವಾಸಿಗಳಿಗೆಂದು ಮೊದಲ ಕಾರ್ಯಯೋಜನೆ ರೂಪಿಸಿದ್ದು 2004ರಲ್ಲಿ. ಆಮೇಲಿನ ಯೋಜನೆಗಳಲ್ಲಿ ಒಂದು ಹೊಸ ಕ್ರಮ ಬಂತು. ಕಾರ್ಯಕ್ರಮ ಮಾಡುವ ಮೊದಲು ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಸಂಘಟನೆಗಳೊಂದಿಗೆ ಸಂಬಂಧದ ಒಪ್ಪಂದಗಳಿಗೆ ಸಹಿ ಹಾಕುವುದು. ಯಾರು ಯಾರನ್ನು ಯಾವಾಗ ಕೇಳಬೇಕು, ಯಾರು ಒಪ್ಪಬೇಕು ಎಂಬುದನ್ನು ಬರವಣಿಗೆಯಲ್ಲಿ ಇಡುವುದು. ವಸತಿಶಾಲೆಗಳ ಕುರಿತ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಂದಿಟ್ಟ 94 ಬೇಡಿಕೆಗಳಲ್ಲಿ 18ರಿಂದ 24ರವರೆಗಿನವು ಆರೋಗ್ಯಕ್ಕೆ ಸಂಬಂಧಿಸಿದವು. ಆರೋಗ್ಯದ ತಾರತಮ್ಯವನ್ನು ಅಳೆದು ಪ್ರಕಟಿಸಬೇಕು, ಪಾರಂಪರಿಕ ಚಿಕಿತ್ಸೆಯನ್ನು ಗೌರವಿಸಬೇಕು, ಮೂಲನಿವಾಸಿ ವೈದ್ಯರು ಮತ್ತು ನರ್ಸ್‌ಗಳ ಸಂಖ್ಯೆ ಹೆಚ್ಚಿಸಬೇಕು ಎಂದು ಅವು ಕೇಳಿದವು. ಇಡೀ ದೇಶದ ಕ್ಯಾನ್ಸರ್ ನಿಯಂತ್ರಣಕ್ಕೆ 2019ರಿಂದ 2029ರವರೆಗೆ ಮಾಡಿಕೊಂಡ ಯೋಜನೆಯಲ್ಲಿ ಎಂಟು ಆದ್ಯತೆಗಳಿವೆ. ಅವುಗಳಲ್ಲಿ ಮೂರು ಮೂಲನಿವಾಸಿಗಳಿಗೇ ಮೀಸಲು. ಮನೆಗೆ ಹತ್ತಿರದಲ್ಲಿ, ತಮ್ಮ ಸಂಸ್ಕೃತಿಗೆ ಒಗ್ಗುವ ಆರೈಕೆ. ಆಯಾ ಜನರೇ ತೀರ್ಮಾನಿಸಿದ ಆರೈಕೆ. ಅವರದೇ ಹತೋಟಿಯಲ್ಲಿರುವ ಸಂಶೋಧನೆ ಮತ್ತು ಅಂಕಿಅಂಶ.

ಎಲ್ಲರಿಗಿಂತ ಮುಂದೆ ಹೋದದ್ದು ಬ್ರಿಟಿಷ್ ಕೊಲಂಬಿಯಾ. 2013ರಲ್ಲಿ ಅಲ್ಲಿನ ಫಸ್ಟ್ ನೇಷನ್ಸ್ ಆರೋಗ್ಯ ಪ್ರಾಧಿಕಾರ ಕೇಂದ್ರ ಸರ್ಕಾರದಿಂದ ಆರೋಗ್ಯ ಸೇವೆಗಳ ಹೊಣೆಯನ್ನೂ ಹಣವನ್ನೂ ತನ್ನ ಕೈಗೆ ತೆಗೆದುಕೊಂಡಿತು. ಇನ್ನೂರಕ್ಕೂ ಹೆಚ್ಚು ಸಮುದಾಯಗಳ ಪರವಾಗಿ ಮೂಲನಿವಾಸಿಗಳೇ ನಡೆಸುವ ಇಂಥ ಪ್ರಾಂತ್ಯಮಟ್ಟದ ಪ್ರಾಧಿಕಾರ ಕೆನಡಾದಲ್ಲಿ ಅದೇ ಮೊದಲು. ಆ ಪ್ರಾಧಿಕಾರ, ಮೇಟಿ ಸಂಘಟನೆ, ನಗರಗಳಲ್ಲಿರುವ ಮೂಲನಿವಾಸಿಗಳ ಸ್ನೇಹಕೇಂದ್ರಗಳ ಒಕ್ಕೂಟ ಮತ್ತು ಪ್ರಾಂತ್ಯದ ಕ್ಯಾನ್ಸರ್ ಸಂಸ್ಥೆ ನಾಲ್ಕೂ ಸೇರಿ 2017ರ ಡಿಸೆಂಬರ್‌ನಲ್ಲಿ ಕ್ಯಾನ್ಸರ್ ಆರೈಕೆಗೆ ಒಂದು ದಾರಿನಕ್ಷೆ ಹೊರತಂದವು. ಮೊದಲು ಹೇಳಿದ 2017ರ ಅಧ್ಯಯನದಲ್ಲೂ ಈ ಪ್ರಾಧಿಕಾರ ಜೊತೆಗಿತ್ತು. ಅಂದರೆ ಕೆಟ್ಟ ಸುದ್ದಿ ಹೊರಗಿನವರ ಆರೋಪದಂತೆ ಬರಲಿಲ್ಲ; ತಮ್ಮ ಜನರ ಲೆಕ್ಕವನ್ನು ತಾವೇ ಮುಂದಿಟ್ಟಂತಾಯಿತು.

ಕಾಗದದ ಮೇಲಿನ ಈ ಒಪ್ಪಂದಗಳು ರೋಗಿಗೆ ಕಾಣುವುದು ಒಬ್ಬ ಮನುಷ್ಯರ ರೂಪದಲ್ಲಿ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ 'ನ್ಯಾವಿಗೇಟರ್' ಎಂದು ಕರೆಯುವ ಮಾರ್ಗದರ್ಶಕರಿದ್ದಾರೆ. ಈ ಕಲ್ಪನೆ ಮೂಡಿದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಮಹಿಳೆಯರು ಸ್ತನ ಕ್ಯಾನ್ಸರ್ ಬಲಿತ ಮೇಲೆ ಬರುವುದನ್ನು ಕಂಡ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ರೋಗಿಯ ಜೊತೆ ಓಡಾಡಿ ದಾರಿ ತೋರಿಸುವ ಇಂಥ ಕೆಲಸಗಾರರನ್ನು ನೇಮಿಸಿದರು. ಕೆನಡಾದಲ್ಲಿ ಈ ಕೆಲಸಕ್ಕೆ ಹೊಸ ಹೊಣೆಗಳು ಸೇರಿಕೊಂಡವು. ವಿಮಾನದ ಟಿಕೆಟ್, ವಸತಿ, ಜೊತೆಗೆ ಬರುವವರ ಖರ್ಚು ಇವಕ್ಕೆಲ್ಲ ಅರ್ಜಿ ತುಂಬಿಸುವುದರಿಂದ ಹಿಡಿದು, ಕ್ರೀ ಅಥವಾ ಓಜಿಬ್ವೆ ಭಾಷೆಯ ದುಭಾಷಿಯನ್ನು ಹುಡುಕುವುದು, ವೈದ್ಯರು ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳುವುದು, ಹಿರಿಯರನ್ನೋ ಪಾರಂಪರಿಕ ವೈದ್ಯರನ್ನೋ ಕರೆಸುವುದು, ಊರಿನ ನರ್ಸ್‌ಗೆ ಚಿಕಿತ್ಸೆಯ ಕಾಗದಪತ್ರ ತಲುಪಿತೇ ಎಂದು ವಿಚಾರಿಸುವುದರವರೆಗೆ ಎಲ್ಲವೂ ಅವರ ಪಾಲಿಗೆ. ಒಂದು ಅಪಾಯಿಂಟ್‌ಮೆಂಟ್ ಬುಧವಾರ, ಇನ್ನೊಂದು ಮುಂದಿನ ಮಂಗಳವಾರ ಎಂದು ಗುಮಾಸ್ತರು ಬರೆದುಬಿಟ್ಟರೆ ನಗರದವರಿಗೆ ಏನೂ ಅನ್ನಿಸದು. ಎರಡು ಸಲ ವಿಮಾನ ಹತ್ತಬೇಕಾದವರಿಗೆ ಅದು ದೊಡ್ಡ ಸಂಕಟ. ಎರಡನ್ನೂ ಒಂದೇ ದಿನಕ್ಕೆ ತರುವಂಥ ಸಣ್ಣ ಕೆಲಸದಲ್ಲೇ ಈ ಮಾರ್ಗದರ್ಶಕರ ಬೆಲೆ ತಿಳಿಯುತ್ತದೆ. ಇನ್ಯೂಟ್ ಮಹಿಳೆಯರ ಸಂಘಟನೆ ಪೌಕ್‌ಟೂಟಿಟ್ ಕ್ಯಾನ್ಸರ್ ಪದಗಳಿಗೆ ಇನುಕ್ಟಿಟುಟ್ ಭಾಷೆಯಲ್ಲಿ ಪದಕೋಶವನ್ನೇ ಸಿದ್ಧಪಡಿಸಿದ್ದು ಇದೇ ಅಗತ್ಯದಿಂದ.

ತಪಾಸಣೆ: ಜನರಿದ್ದಲ್ಲಿಗೆ

ಗರ್ಭಕಂಠ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗಳನ್ನು ರೋಗವಾಗುವ ಮೊದಲೇ ಹಿಡಿಯಬಹುದು. ಸ್ತನ ಕ್ಯಾನ್ಸರನ್ನು ಚಿಕ್ಕದಿದ್ದಾಗಲೇ ಕಾಣಬಹುದು. ಹೀಗಾಗಿ ತಪಾಸಣೆಯಲ್ಲಿ ಹಾಕಿದ ಶ್ರಮಕ್ಕೆ ಫಲ ಬೇಗ ಸಿಗುತ್ತದೆ. ವಾಯವ್ಯ ಒಂಟಾರಿಯೊದ ಥಂಡರ್ ಬೇ ನಗರದಿಂದ ಹೊರಡುವ ತಪಾಸಣಾ ಬಸ್ಸು ರಸ್ತೆ ಇರುವ ಹಳ್ಳಿಗಳನ್ನೆಲ್ಲ ಸುತ್ತುತ್ತದೆ. ಅದರೊಳಗೆ ಮ್ಯಾಮೊಗ್ರಾಂ ಯಂತ್ರವಿದೆ, ಗರ್ಭಕಂಠದ ಪರೀಕ್ಷೆಗೆ ಕೋಣೆಯಿದೆ, ಮಲಪರೀಕ್ಷೆಯ ಕಿಟ್‌ಗಳೂ ಸಿಗುತ್ತವೆ.

ಗರ್ಭಕಂಠದ ವಿಷಯದಲ್ಲಿ ದೊಡ್ಡ ಬದಲಾವಣೆ ತಂದದ್ದು ತಾನೇ ಮಾದರಿ ತೆಗೆದುಕೊಳ್ಳುವ ವಿಧಾನ. ಈ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭದಲ್ಲೂ ಕಾರಣ ಎಚ್‌ಪಿವಿ ಎಂಬ ವೈರಸ್ಸು. ಹಳೆಯ ಪ್ಯಾಪ್ ಪರೀಕ್ಷೆಗೆ ಬೇರೆಯವರು ಉಪಕರಣ ಹಾಕಿ ಗರ್ಭಕಂಠದ ಜೀವಕೋಶ ಕೆರೆದು ತೆಗೆಯಬೇಕು. ವೈರಸ್ಸನ್ನು ಹುಡುಕುವ ಹೊಸ ಪರೀಕ್ಷೆಗೆ ಮಹಿಳೆಯೇ ಮನೆಯಲ್ಲಿ ಸಣ್ಣ ಕಡ್ಡಿಯಿಂದ ಯೋನಿಯೊಳಗಿನ ಮಾದರಿ ತೆಗೆದು ಕಳಿಸಿದರೆ ಸಾಕು. ವಾಯವ್ಯ ಒಂಟಾರಿಯೊದಲ್ಲಿ ಅನಿಶಿನಾಬೆ ಎಂಬ ಫಸ್ಟ್ ನೇಷನ್ಸ್ ಜನರ ಹಳ್ಳಿಗಳಲ್ಲಿ ಸಮುದಾಯದವರೊಂದಿಗೆ ಸೇರಿ ನಡೆಸಿದ ಅಧ್ಯಯನವೊಂದರಲ್ಲಿ ಕೆಲವು ಊರುಗಳಿಗೆ ಪ್ಯಾಪ್, ಉಳಿದ ಊರುಗಳಿಗೆ ಈ ಕಿಟ್ ಎಂದು ಚೀಟಿ ಎತ್ತಿದಂತೆ ಹಂಚಿ ನೋಡಿದರು. ಕಿಟ್ ಕೊಟ್ಟ ಊರುಗಳಲ್ಲಿ ಪರೀಕ್ಷೆಗೆ ಮುಂದೆ ಬಂದವರ ಪ್ರಮಾಣ ಹೆಚ್ಚಿತ್ತು. ಅಪರಿಚಿತರ ಮುಂದೆ ಮಲಗುವ ಮುಜುಗರವಿಲ್ಲ, ಹಳೆಯ ಆಘಾತ ಕೆದಕುವ ಭಯವಿಲ್ಲ. 2024ರ ಜನವರಿಯಿಂದ ಬ್ರಿಟಿಷ್ ಕೊಲಂಬಿಯಾ ತಪಾಸಣೆಯ ವಯಸ್ಸಿನ ಮಹಿಳೆಯರು ಕೇಳಿದರೆ ಈ ಕಿಟ್ಟನ್ನು ಅಂಚೆಯಲ್ಲಿ ಕಳಿಸುತ್ತಿದೆ. ದೇಶದಲ್ಲಿ ಹೀಗೆ ಮಾಡಿದ ಮೊದಲ ಪ್ರಾಂತ್ಯ ಅದು. ಆದರೆ ಕಿಟ್ ತಲುಪಿಸಿದರೆ ಕೆಲಸ ಮುಗಿಯಲಿಲ್ಲ. ಪರೀಕ್ಷೆಯಲ್ಲಿ ವೈರಸ್ಸು ಕಂಡವರನ್ನು ಮುಂದಿನ ತಪಾಸಣೆಗೆ ಕರೆದೊಯ್ಯುವ ವ್ಯವಸ್ಥೆ ಇಲ್ಲದಿದ್ದರೆ, ಇದು ಹೆದರಿಸಿ ಕೈಬಿಟ್ಟಂತೆಯೇ.

ಧೂಮಪಾನದ ವಿರುದ್ಧದ ಪ್ರಚಾರವೂ ಬದಲಾಯಿತು. ಇನ್ಯೂಟರ ವಿಷಯ ಹೇಗೇ ಇರಲಿ, ಅನೇಕ ಫಸ್ಟ್ ನೇಷನ್ಸ್ ಸಮುದಾಯಗಳಿಗೆ ಹೊಗೆಸೊಪ್ಪು ಪವಿತ್ರ. ಹೊಗೆಸೊಪ್ಪು, ಸೇಜ್, ಸೀಡರ್ ಮತ್ತು ಸುವಾಸನೆಯ ಒಂದು ಹುಲ್ಲು, ಈ ನಾಲ್ಕು ಅವರ ಪೂಜ್ಯ ಮೂಲಿಕೆಗಳು. ಹಿರಿಯರ ಬಳಿ ಸಲಹೆ ಕೇಳುವಾಗ ಹೊಗೆಸೊಪ್ಪನ್ನು ಕಾಣಿಕೆಯಾಗಿ ಕೊಡುತ್ತಾರೆ. ಅಂಥವರ ಮುಂದೆ 'ಹೊಗೆಸೊಪ್ಪು ವಿಷ' ಎಂಬ ಫಲಕ ಹಿಡಿದರೆ ಬೈಗುಳದಂತೆ ಕೇಳಿಸುತ್ತದೆ. ಈಗಿನ ಕಾರ್ಯಕ್ರಮಗಳು ಆಚರಣೆಯ ಹೊಗೆಸೊಪ್ಪನ್ನೂ ಅಂಗಡಿಯ ಸಿಗರೇಟನ್ನೂ ಬೇರ್ಪಡಿಸಿ ಮಾತಾಡುತ್ತವೆ; ಮೊದಲನೆಯದರ ಮರ್ಯಾದೆ ಉಳಿಸಲು ಎರಡನೆಯದನ್ನು ಬಿಡಿ ಎನ್ನುತ್ತವೆ. ಮೂಲಿಕೆಗಳನ್ನು ಸುಟ್ಟು ಹೊಗೆ ಹಾಕಿ ಶುದ್ಧಿ ಮಾಡಿಕೊಳ್ಳುವ ಆಚರಣೆಗೆ ಹಲವು ಆಸ್ಪತ್ರೆಗಳು ಪ್ರತ್ಯೇಕ ಕೋಣೆ ಕಟ್ಟಿಸಿವೆ, ಹೊಗೆ ಹೊರಹೋಗುವ ವ್ಯವಸ್ಥೆಯ ಸಮೇತ. ಗಿಡಮೂಲಿಕೆಯ ಔಷಧಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕೆಲವು ಮೂಲಿಕೆಗಳು ಕೀಮೋಥೆರಪಿಯ ಔಷಧಗಳ ಜೊತೆ ಹೊಂದುವುದಿಲ್ಲ. ರೋಗಿ ಏನು ಸೇವಿಸುತ್ತಿದ್ದಾರೆಂದು ಬಾಯಿಬಿಟ್ಟು ಹೇಳಬೇಕಾದರೆ, ಕೇಳುವ ವೈದ್ಯರು ನಗುವುದಿಲ್ಲವೆಂಬ ಭರವಸೆ ಅವರಿಗಿರಬೇಕು. ಪಾರಂಪರಿಕ ಚಿಕಿತ್ಸೆಗೆ ಗೌರವ ಕೊಡುವುದು ಬರಿಯ ಸೌಜನ್ಯದ ಮಾತಲ್ಲ, ಔಷಧಶಾಸ್ತ್ರದ ಅಗತ್ಯವೂ ಹೌದು.

ಅಂಕಿಅಂಶದ ಒಡೆತನ

ಕೆನಡಾದ ಬಹುತೇಕ ಕ್ಯಾನ್ಸರ್ ನೋಂದಣಿಗಳಲ್ಲಿ ರೋಗಿ ಮೂಲನಿವಾಸಿಯೇ ಎಂಬ ಕಾಲಂ ಇಲ್ಲ. ಲೆಕ್ಕಕ್ಕೆ ಸಿಗದವರ ಕಷ್ಟ ಸರ್ಕಾರದ ಕಣ್ಣಿಗೂ ಬೀಳದು. ಹಾಗೆಂದು ಲೆಕ್ಕ ಕೊಡಲು ಈ ಜನ ಮುಂದಾಗದಿರುವುದಕ್ಕೂ ಕಾರಣವಿದೆ. ವ್ಯಾಂಕೂವರ್ ದ್ವೀಪದ ನೂಚಾನುಲ್ತ್ ಸಮುದಾಯದ 883 ಜನ 1980ರ ದಶಕದಲ್ಲಿ ಸಂಧಿವಾತದ ಸಂಶೋಧನೆಗೆಂದು ರಕ್ತ ಕೊಟ್ಟರು. ತಮ್ಮಲ್ಲಿ ಆ ಕಾಯಿಲೆ ಏಕಿಷ್ಟು ಹೆಚ್ಚು ಎಂಬುದಕ್ಕೆ ಅವರಿಗೆ ಉತ್ತರ ಸಿಗಲಿಲ್ಲ. ಸಂಶೋಧಕರು ಮಾದರಿಗಳನ್ನು ಅಮೆರಿಕಕ್ಕೂ ಅಲ್ಲಿಂದ ಇಂಗ್ಲೆಂಡಿಗೂ ಒಯ್ದು, ಕೊಟ್ಟವರನ್ನು ಕೇಳದೆ ಮಾನವ ವಲಸೆಯ ಅಧ್ಯಯನಕ್ಕೆ ಬಳಸಿದರು. ರಕ್ತ ಊರಿಗೆ ಮರಳಿದ್ದು 2004ರಲ್ಲಿ.

1998ರಲ್ಲಿ ಫಸ್ಟ್ ನೇಷನ್ಸ್ ಜನ ಇಂಥದಕ್ಕೆ ಕಡಿವಾಣ ಹಾಕುವ ನಾಲ್ಕು ತತ್ವಗಳನ್ನು ರೂಪಿಸಿದರು. ತಮ್ಮ ಮಾಹಿತಿಯ ಒಡೆತನ ತಮ್ಮದು, ಹತೋಟಿ ತಮ್ಮದು, ಬೇಕೆಂದಾಗ ನೋಡುವ ಹಕ್ಕು ತಮ್ಮದು, ಅದು ಇರಬೇಕಾದ್ದು ತಮ್ಮ ಕೈಯಲ್ಲಿ. ಮೊದಲು ಹೇಳಿದ ಒಂಟಾರಿಯೊದ 2017ರ ವರದಿ ಸಾಧ್ಯವಾದದ್ದು ಈ ತತ್ವಗಳನ್ನು ಒಪ್ಪಿಕೊಂಡದ್ದರಿಂದ. ಯಾವ ಪ್ರಶ್ನೆ ಕೇಳಬೇಕು, ಫಲಿತಾಂಶವನ್ನು ಮೊದಲು ಯಾರು ನೋಡಬೇಕು, ಹೇಗೆ ಪ್ರಕಟಿಸಬೇಕು ಎಂಬುದರಲ್ಲಿ ಮುಖ್ಯಸ್ಥರ ಒಕ್ಕೂಟಕ್ಕೆ ಮಾತಿತ್ತು. ಇದರಿಂದ ವಿಜ್ಞಾನ ನಿಧಾನವಾಗುತ್ತದೆ ಎಂದು ಗೊಣಗುವ ಸಂಶೋಧಕರಿದ್ದಾರೆ. ಅದು ನಿಜವೇ. ಆದರೆ ಅವಸರದ ವಿಜ್ಞಾನ ಆ ದ್ವೀಪದಲ್ಲಿ ಏನು ಮಾಡಿತೆಂಬುದೂ ನಿಜ. ಕೆನಡಾದ ಫಸ್ಟ್ ನೇಷನ್ಸ್ ಮಹಿಳೆಯರಲ್ಲಿ ಮೊದಲ ಜನರಲ್ ಸರ್ಜನ್ ಆದ ನಡೀನ್ ಕ್ಯಾರನ್, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫಸ್ಟ್ ನೇಷನ್ಸ್ ಆರೋಗ್ಯ ಪ್ರಾಧಿಕಾರದ ಹೆಸರಿನ ಕ್ಯಾನ್ಸರ್ ಪೀಠದ ಮೊದಲ ಪ್ರಾಧ್ಯಾಪಕಿ. ಜೀನುಗಳ ಮಾಹಿತಿಯಿಂದ ಚಿಕಿತ್ಸೆ ನಿರ್ಧರಿಸುವ ಈ ಕಾಲದಲ್ಲಿ ಮೂಲನಿವಾಸಿಗಳ ಮಾಹಿತಿಯೇ ಇಲ್ಲದಿದ್ದರೆ ಅವರು ಮತ್ತೆ ಹಿಂದೆ ಬೀಳುತ್ತಾರೆ. ಆದ್ದರಿಂದ ಮಾಹಿತಿ ಬೇಕು, ಆದರೆ ಅವರ ಹತೋಟಿಯಲ್ಲಿ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ನಿಲುವು.

ಕೊನೆಯ ದಿನಗಳು

ಗುಣವಾಗದ ಕ್ಯಾನ್ಸರ್‌ನ ರೋಗಿ ಎಲ್ಲಿ ಸಾಯಬೇಕು ಎಂಬುದು ಈ ಸಮುದಾಯಗಳಿಗೆ ಬಹಳ ದೊಡ್ಡ ವಿಷಯ. ಹಳ್ಳಿಯಲ್ಲಿ ಮಾರ್ಫಿನ್ ಕೊಡುವವರಿಲ್ಲ, ರಾತ್ರಿ ನರ್ಸ್ ಇಲ್ಲ ಎಂಬ ಕಾರಣಕ್ಕೆ ಮುದುಕರು ನಗರದ ಆಸ್ಪತ್ರೆಯಲ್ಲಿ ಒಂಟಿಯಾಗಿ ಸಾಯುತ್ತಿದ್ದರು. 2010ರಿಂದ 2015ರವರೆಗೆ ಥಂಡರ್ ಬೇಯ ಲೇಕ್‌ಹೆಡ್ ವಿಶ್ವವಿದ್ಯಾಲಯ ನಾಲ್ಕು ಫಸ್ಟ್ ನೇಷನ್ಸ್ ಸಮುದಾಯಗಳೊಂದಿಗೆ ಸೇರಿ ಇದಕ್ಕೆ ದಾರಿ ಹುಡುಕಿತು. ಅವುಗಳಲ್ಲಿ ಒಂದಾದ ನವೋಟ್ಕಮೆಗ್ವಾನಿಂಗ್ ಎಂಬ ಊರು ಕಟ್ಟಿಕೊಂಡ ವ್ಯವಸ್ಥೆಗೆ ವೀಸೊಕೊಟಾಟಿವಿನ್ ಎಂದು ಹೆಸರು. ಊರಿನವರೇ ತರಬೇತಿ ಪಡೆದರು, ಹೊರಗಿನ ಆಸ್ಪತ್ರೆ ಮತ್ತು ಮನೆ ಆರೈಕೆಯವರೊಂದಿಗೆ ಯಾರು ಯಾವುದನ್ನು ಮಾಡಬೇಕೆಂದು ಹಂಚಿಕೊಂಡರು, ಹಿರಿಯರು ಸಲಹೆಗಾರರಾದರು. ವಿಶ್ವವಿದ್ಯಾಲಯ ಕೇಳಿದ್ದು 'ನಿಮಗೆ ಏನು ಬೇಕು' ಎಂದು ಮಾತ್ರ. ಹೇಗೆ ಎಂಬುದನ್ನು ಊರೇ ತೀರ್ಮಾನಿಸಿತು. ಸಾವಿನ ಮಾತನ್ನು ನೇರವಾಗಿ ಆಡಬಾರದೆಂಬ ನಂಬಿಕೆಯಿರುವ ಮನೆಗಳಿವೆ, ಇಡೀ ಬಂಧುಬಳಗ ಹಾಸಿಗೆಯ ಸುತ್ತ ನೆರೆಯಬೇಕೆಂಬ ಮನೆಗಳಿವೆ. 'ಇಬ್ಬರು ಸಂದರ್ಶಕರಿಗೆ ಮಾತ್ರ ಪ್ರವೇಶ' ಎಂಬ ಆಸ್ಪತ್ರೆಯ ನಿಯಮ ಇವರಿಗೆ ಒಗ್ಗದು.

ಬೇರೆ ದೇಶಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿವೆ. ಆರೈಕೆ ಕ್ಷೇಮವೆನಿಸಿತೋ ಇಲ್ಲವೋ ಎಂದು ಹೇಳಬೇಕಾದವರು ಅದನ್ನು ಪಡೆದವರೇ ಹೊರತು ಕೊಟ್ಟವರಲ್ಲ ಎಂಬ ವಿಚಾರವನ್ನು ಮೊದಲು ಮುಂದಿಟ್ಟವರು ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್. ಮೂಲನಿವಾಸಿಗಳ ಆರೈಕೆ ಕುರಿತು ಕೆನಡಾದ ಆಸ್ಪತ್ರೆ ಸಿಬ್ಬಂದಿಗೆ ಕೊಡುವ ಅನೇಕ ತರಬೇತಿಗಳಿಗೆ ಇಂದು ಅದೇ ಬುನಾದಿ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೇ ನಡೆಸುವ ಮೊದಲ ಚಿಕಿತ್ಸಾಲಯ ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲೇ ತೆರೆಯಿತು. ವಿಕ್ಟೋರಿಯಾ ರಾಜ್ಯದಲ್ಲಿ ಮ್ಯಾಮೊಗ್ರಾಂಗೆ ಬರುವ ಮೂಲನಿವಾಸಿ ಹೆಂಗಸರಿಗೆ ಆಸ್ಪತ್ರೆಯ ನಿಲುವಂಗಿಯ ಬದಲು ಅವರದೇ ಕಲಾವಿದರು ಚಿತ್ರ ಬಿಡಿಸಿದ ಶಾಲು ಕೊಡುತ್ತಾರೆ. ಅದನ್ನು ಹೊದ್ದೇ ಪರೀಕ್ಷೆ ಮಾಡಿಸಿಕೊಂಡು, ಮನೆಗೂ ಒಯ್ಯಬಹುದು. ಹಿಂಜರಿಯುತ್ತಿದ್ದವರು ಗುಂಪಾಗಿ ಬರತೊಡಗಿದರು.

ಕೆನಡಾದಲ್ಲಿ ಆಗದೆ ಉಳಿದ ಕೆಲಸ ಬಹಳ. ಫಸ್ಟ್ ನೇಷನ್ಸ್ ಮತ್ತು ಇನ್ಯೂಟ್ ರೋಗಿಗಳ ವಿಮಾನ, ವಸತಿಯ ಖರ್ಚಿಗೆ ಕೇಂದ್ರ ಸರ್ಕಾರದ ಯೋಜನೆಯಿದೆ. ಮೇಟಿ ಜನ ಅದರ ಹೊರಗಿದ್ದಾರೆ. ಆಸ್ಪತ್ರೆ ಪ್ರಾಂತ್ಯದ್ದು, ಮೀಸಲು ಹಳ್ಳಿಯ ಆರೋಗ್ಯ ಕೇಂದ್ರ ಕೇಂದ್ರ ಸರ್ಕಾರದ್ದು ಎಂಬ ಹಂಚಿಕೆಯಲ್ಲಿ ಬಿಲ್ಲು ಯಾರದೆಂಬ ಜಗ್ಗಾಟ ನಡೆದೇ ಇದೆ. ಎಷ್ಟೋ ಒಳ್ಳೆಯ ಕಾರ್ಯಕ್ರಮಗಳು ಎರಡು ಮೂರು ವರ್ಷದ ಅನುದಾನದಲ್ಲಿ ನಡೆದು, ಜನ ನಂಬುವ ಹೊತ್ತಿಗೆ ಹಣ ತೀರಿ ನಿಂತುಹೋಗುತ್ತವೆ. ಇದರಿಂದ ಆಗುವ ಹಾನಿ ಕಾರ್ಯಕ್ರಮವೇ ಇಲ್ಲದಿದ್ದರೆ ಆಗುವುದಕ್ಕಿಂತ ಹೆಚ್ಚು. ಸಮಿತಿಯಲ್ಲಿ ಇಬ್ಬರು ಹಿರಿಯರನ್ನು ಕೂರಿಸಿ, ಉದ್ಘಾಟನೆಗೆ ಪ್ರಾರ್ಥನೆ ಹೇಳಿಸಿ, ಅದನ್ನೇ ಪಾಲುದಾರಿಕೆ ಎಂದು ವರದಿ ಬರೆಯುವ ಸಂಸ್ಥೆಗಳಿಗೂ ಕೊರತೆಯಿಲ್ಲ. ಪಾಲುದಾರಿಕೆ ಇದೆಯೋ ಇಲ್ಲವೋ ಎಂದು ತಿಳಿಯಲು ಹಣ, ಮಾಹಿತಿ, ನೇಮಕಾತಿ ಈ ಮೂರೂ ಯಾರ ಕೈಯಲ್ಲಿವೆ ಎಂದು ಕೇಳಿದರೆ ಸಾಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರೂ ಸಾಕಷ್ಟು ಮಟ್ಟಿಗೆ ಫಸ್ಟ್ ನೇಷನ್ಸ್ ಜನರ ಕೈಗೆ ಬಂದಿವೆ. ಒಂಟಾರಿಯೊದಲ್ಲಿ ಮಾಹಿತಿಯ ಮಟ್ಟಿಗೆ ಬಂದಿದೆ. ಉಳಿದ ಕಡೆ ಇನ್ನೂ ಮಾತುಕತೆಯ ಹಂತದಲ್ಲೇ ಇದೆ, ಮತ್ತು ನುನಾವುಟ್‌ನ ರೋಗಿ ವಿಕಿರಣ ಚಿಕಿತ್ಸೆಗೆ ಇಂದಿಗೂ ದಕ್ಷಿಣಕ್ಕೇ ಹಾರಬೇಕು.